ಒಂದೂ ಮುಕ್ಕಾಲು ಮೀಟರಿನ ಸುಳ್ಳು

ಮಾರ್ಚ್ ಇಪ್ಪತ್ತೊಂದರ ಸಂಜೆ ‘ಹೇರಾ’ ಎಂಬ ಮೀನುಗಾರರ ದೋಣಿ ಸರೋವರದ ಕೊಗುಟಾ ದಡದ ರೇಡಿಯೊ ಕೋಣೆಯನ್ನು ನಾಲ್ಕು ಸಲ ಕರೆಯಿತು. ನಾಲ್ಕು ಸಲವೂ ಉತ್ತರ ಬರಲಿಲ್ಲ. ದೋಣಿಯಲ್ಲಿದ್ದ ಏಳು ಮಂದಿ ಮುಳುಗಿ ಸತ್ತರು. ರೇಡಿಯೊ ಮುಂದೆ ಕುಳಿತಿದ್ದ ರೋಸೆಲಿದಾ ಅಪೊಂಡಿ ನಿದ್ದೆ ಹೋಗಿದ್ದಳೆಂದು ಕೇಸು ಬರೆದು, ತೀರ್ಪು ಬರುವವರೆಗೆ ಅವಳನ್ನು ಜೈಲಿಗೆ ಹಾಕಲಾಯಿತು. ಸತ್ತ ಏಳು ಮಂದಿಯಲ್ಲಿ ಒಬ್ಬ ಅವಳ ತಮ್ಮ.

ತೀರ್ಪು ಇವತ್ತು, ಮಧ್ಯಾಹ್ನ ಎರಡು ಗಂಟೆಗೆ.

ಈಗ ಹನ್ನೊಂದು. ಕೊಗುಟಾ ದಡದ ರೇಡಿಯೊ ಕಂಬದ ಬುಡದಲ್ಲಿ ಪೆರೆಸ್ ಅಮೋಲೊ ಮಂಡಿಯೂರಿ ಕುಳಿತಿದ್ದಳು. ಕಿಸುಮು ಪಟ್ಟಣದ ಅಳತೆ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ರೇಡಿಯೊ, ಕೇಬಲ್, ಆಂಟೆನಾಗಳ ಸರಿ ತಪ್ಪು ಹೇಳುವುದು ಅವಳ ಕೆಲಸ. ಎರಡು ವಾರದ ಹಿಂದೆ ಅಪೊಂಡಿಯ ತಾಯಿ ಪ್ರಯೋಗಾಲಯದ ಗೇಟಿನಲ್ಲಿ ಅವಳ ಕೈ ಹಿಡಿದು, ನನ್ನ ಮಗಳು ಕೆಲಸದ ಹೊತ್ತಲ್ಲಿ ಕಣ್ಣು ಮುಚ್ಚುವವಳಲ್ಲ ಎಂದಷ್ಟೇ ಹೇಳಿ ಹೋಗಿದ್ದಳು. ಅಂದಿನಿಂದ ಪೆರೆಸ್ ಇದರ ಬೆನ್ನು ಹತ್ತಿದ್ದಳು. ಇವತ್ತು ರಜೆ ಹಾಕಿ, ಕೆಲಸದವರಾರಿಗೂ ಹೇಳದೆ, ಪ್ರಯೋಗಾಲಯದ ನೆಟ್‌ವರ್ಕ್ ಅನಲೈಜರನ್ನು ಚೀಲದಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಬಂದಿಳಿದಿದ್ದಳು.

ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ತಲೆಯ ಮೇಲೆ ಲೆಸೊ ಬಟ್ಟೆ ಹೊದ್ದು, ಅದರ ನೆರಳಿನೊಳಗೆ ಯಂತ್ರವನ್ನು ಎಳೆದುಕೊಂಡಳು. ಹತ್ತು ಮಾರು ದೂರದಲ್ಲಿ ಒಮೇನಾ ಎಂಬ ಸಣ್ಣ ಮೀನು ಒಣಗಿಸುತ್ತಿದ್ದ ಹೆಂಗಸರು ಕೈಕೆಲಸ ಬಿಟ್ಟು ನೋಡುತ್ತಿದ್ದರು. ಅವರಲ್ಲೊಬ್ಬಳು ಹತ್ತಿರ ಬಂದು, ಯಾರು ನಿದ್ದೆ ಮಾಡಿದರು ಅಂತ ಈ ಪೆಟ್ಟಿಗೆ ಹೇಳುತ್ತದೆಯೇ ಎಂದು ಕೇಳಿದಳು.

ಪೆರೆಸ್ ತಾಳ್ಮೆಯಿಂದ ಹೇಳಿದಳು. ಈ ಪೆಟ್ಟಿಗೆ ಕೇಬಲ್ಲಿನೊಳಗೆ ಒಂದು ಕರೆ ಕಳಿಸುತ್ತದೆ. ತುದಿಯಲ್ಲಿರುವುದು ಅದಕ್ಕೆ ಹೊಂದಿದರೆ ಪೂರ್ತಿ ನುಂಗಿಕೊಳ್ಳುತ್ತದೆ. ಹೊಂದದಿದ್ದರೆ ಅಷ್ಟೋ ಇಷ್ಟೋ ವಾಪಸು ಎಸೆಯುತ್ತದೆ. ವಾಪಸು ಬಂದದ್ದೆಷ್ಟು ಎಂದು ಪೆಟ್ಟಿಗೆ ಅಳೆಯುತ್ತದೆ.

“ನನ್ನ ಅತ್ತೆ ನಾನು ಮಾಡಿದ ಉಗಾಲಿ ಮುದ್ದೆಗೆ ಮಾಡ್ತಾಳಲ್ಲ, ಹಂಗೆ,” ಎಂದಳು ಆ ಹೆಂಗಸು. ಉಳಿದವರು ನಕ್ಕರು. ಪೆರೆಸ್ ಕೂಡ ನಕ್ಕಳು. ಆಮೇಲೆ ಪರದೆ ನೋಡಿದಳು. ನಗು ನಿಂತಿತು.

ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ, ಏರುತ್ತ ಇಳಿಯುತ್ತ. ಹೋಗುವ ಅಲೆಗೂ ತಿರುಗಿ ಬರುವ ಅಲೆಗೂ ದಾರಿಯಲ್ಲಿ ಜಗಳ ಬಿದ್ದು ಹುಟ್ಟುವ ಏರಿಳಿತಗಳು ಅವು. ಅಲೆಯನ್ನು ವಾಪಸು ಎಸೆಯುವ ಜಾಗ ದೂರವಿದ್ದಷ್ಟೂ ಏರಿಳಿತ ಒತ್ತೊತ್ತಾಗಿ ಬರುತ್ತದೆ. ಹತ್ತಿರವಿದ್ದಷ್ಟೂ ಬಿಡಿಬಿಡಿಯಾಗುತ್ತದೆ. ಎಣಿಸಲು ಬಂದರೆ ಸಾಕು, ಕಂಬ ಹತ್ತದೆಯೇ ಕೆಟ್ಟ ಜಾಗ ಎಷ್ಟು ಎತ್ತರದಲ್ಲಿದೆ ಎಂದು ಹೇಳಬಹುದು.

ಈ ಕಂಬದ ಕೇಬಲ್ಲು ಐವತ್ನಾಲ್ಕು ಮೀಟರ್. ಪರದೆಯ ಅಗಲಕ್ಕೆ ನಲವತ್ತೆರಡು ಏರಿಳಿತ ಇರಬೇಕು.

ಉಗುರಿನಿಂದ ಒಂದೊಂದನ್ನೇ ತಟ್ಟುತ್ತ ಎಣಿಸಿದಳು. ಹದಿನೈದು. ಮತ್ತೆ ಎಣಿಸಿದಳು. ಹದಿನೈದೇ.

ಹ್ಯಾಂಡ್‌ಸೆಟ್ ಎತ್ತಿ, ಆಗಲೇ ಕಂಬದ ಅರ್ಧಕ್ಕೆ ಏರಿ ಸೊಂಟಪಟ್ಟಿಗೆ ಜೋತುಕೊಂಡಿದ್ದ ಒಗಾಲೊಗೆ ಕೆಳಗಿಳಿಯಲು ಹೇಳಿದಳು. ಅವಳು ಕರೆದದ್ದಕ್ಕೆ ಬಂದಿದ್ದ ಒಗಾಲೊ ಅರವತ್ತು ದಾಟಿದ ಮುದುಕ. ಸರೋವರದ ಸುತ್ತ ಅವನು ಹತ್ತದ ಕಂಬವಿಲ್ಲ. ಕೆಳಕ್ಕೆ ಎಂದರೆ ಎಷ್ಟು ಕೆಳಕ್ಕೆ ಎಂದು ಮೇಲಿನಿಂದ ಗೊಣಗಿದ. ನೆಲದಿಂದ ಹತ್ತೊಂಬತ್ತು ಮೀಟರಿನಲ್ಲಿ ಏನಿದೆ ನೋಡಿ ಎಂದಳು.

ಒಗಾಲೊ ಇಳಿದ. ನಿಂತ. ಕಂಬಿಯ ಹಿಂದಕ್ಕೆ ಇಣುಕಿ ನೋಡಿದ.

“ನ್ಯಾರ್ ಗೆಮ್,” ಎಂದ ಕೊನೆಗೆ. ಗೆಮ್ ಸೀಮೆಯ ಮಗಳೇ ಎಂದು ಅವನು ಕರೆಯುವುದು ಅವಳ ಮೇಲೆ ಪ್ರೀತಿ ಬಂದಾಗ, ಇಲ್ಲವೇ ಕೆಟ್ಟ ಸುದ್ದಿ ಇದ್ದಾಗ. “ಇಲ್ಲೊಂದು ಜಂಟಿ ಇದೆ, ಎರಡು ಕೇಬಲ್ ಸೇರಿಸಿದ್ದು. ಕರೀ ಟೇಪು ಸುತ್ತಿದಾರೆ. ಇದರಿಂದ ಮೇಲಕ್ಕೆ ನಮ್ಮ ದಪ್ಪ ಕೇಬಲ್ಲೇ ಇಲ್ಲ. ಕಂಬಿ ಹಿಂದೆ ಅಡಗಿಸಿ ತೆಳ್ಳಂದು ಏರಿಸಿದಾರೆ, ಬಿಳೀದು. ನನ್ನ ಮೊಮ್ಮಕ್ಕಳು ಫುಟ್‌ಬಾಲ್ ನೋಡೋಕೆ ಸೂರಿಗೆ ಎಳೆದಿದಾರಲ್ಲ, ಅದೇ ಟಿವಿ ಕೇಬಲ್ಲು.”

ಜಂಟಿ ಒದ್ದೆಯಾಗಿದೆಯೇ ಎಂದು ಕೇಳಿದಳು. ಟೇಪಿನ ಸಂದಿಯಿಂದ ನೀರು ಜಿನುಗುತ್ತಿದೆ ಎಂದ.

ಮುಟ್ಟಬೇಡಿ, ಅಲ್ಲೇ ಇರಿ, ನಿಮ್ಮ ಫೋನಿನಲ್ಲಿ ಚಿತ್ರ ತೆಗೆಯಿರಿ ಎಂದಳು. ತನ್ನ ಫೋನಿನಲ್ಲಿ ಅಲಾರಾಂ ನಿಲ್ಲಿಸಲಿಕ್ಕೂ ಮೊಮ್ಮಗಳೇ ಬರಬೇಕು, ಚಿತ್ರ ಎಲ್ಲಿಂದ ತೆಗೆಯಲಿ ಎಂದ ಒಗಾಲೊ.

ಪೆರೆಸ್ ಹ್ಯಾಂಡ್‌ಸೆಟ್ಟನ್ನು ಮರಳಿನ ಮೇಲಿಟ್ಟಳು.

ರೇಡಿಯೊದವರ ಲೋಕದಲ್ಲಿ ಐವತ್ತು ಓಮ್ ಎಂಬುದು ಕೊಟ್ಟ ಮಾತಿನಂತೆ. ರೇಡಿಯೊ ಐವತ್ತು, ಕೇಬಲ್ ಐವತ್ತು, ಆಂಟೆನಾ ಐವತ್ತು. ಮೂವರೂ ಮಾತು ಉಳಿಸಿಕೊಂಡರೆ ಕರೆ ಸಲೀಸಾಗಿ ಹೋಗುತ್ತದೆ, ಬರುತ್ತದೆ. ನಡುವೆ ಎಪ್ಪತ್ತೈದರ ಟಿವಿ ಕೇಬಲ್ಲನ್ನು ತಂದು ಕೂರಿಸಿದರೆ ಜಂಟಿಯಲ್ಲೇ ಕರೆ ಎಡವುತ್ತದೆ. ಬರೀ ಎಡವಿದ್ದರೆ ಬದುಕಿಕೊಳ್ಳುತ್ತಿತ್ತೇನೋ. ಆ ಜಂಟಿ ನಾಲ್ಕು ತಿಂಗಳು ನೀರು ಕುಡಿದಿತ್ತು. ಆಂಟೆನಾದಿಂದ ಇಳಿದು ಬರುವ ಸಣ್ಣ ದನಿ ಅಲ್ಲೇ ಪ್ರಾಣ ಬಿಡುತ್ತಿತ್ತು.

ಹಾಗಾದರೆ ದಿನಾ ಬೆಳಿಗ್ಗೆ ಎಂಟಕ್ಕೆ ದಡದ ಮೀನುಗಾರರ ಸಮಿತಿಯವರು ಜೆಟ್ಟಿಯಿಂದ ಹ್ಯಾಂಡ್‌ಸೆಟ್ಟಿನಲ್ಲಿ ಕೂಗಿ ನೋಡುತ್ತಿದ್ದರಲ್ಲ, ಅದು ಹೇಗೆ ಕೇಳಿಸುತ್ತಿತ್ತು? ಜೆಟ್ಟಿಗೂ ರೇಡಿಯೊ ಕೋಣೆಗೂ ಇನ್ನೂರು ಹೆಜ್ಜೆ. ಅಷ್ಟು ಹತ್ತಿರದ ಕೂಗು ಕಿವುಡನಿಗೂ ಕೇಳುತ್ತದೆ. ಮೂವತ್ತು ಕಿಲೋಮೀಟರ್ ಆಚೆ, ಬಿರುಗಾಳಿಯ ನಡುವೆ, ಮುಳುಗುವ ದೋಣಿಯಿಂದ ಕರೆಯುವವರ ದನಿ ಕೇಳುವುದಿಲ್ಲ.

ಅಪೊಂಡಿ ಇದನ್ನೇ ಬರೆದಿದ್ದಳು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೋಣೆಯ ದಿನಚರಿ ಪುಸ್ತಕದಲ್ಲಿ ಹನ್ನೊಂದು ಸಲ, ಒಂದೇ ವಾಕ್ಯ: ದೂರದ ದೋಣಿಗಳು ಕೇಳಿಸುತ್ತಿಲ್ಲ, ಯಾರಾದರೂ ಬಂದು ಕಂಬ ನೋಡಿ. ಹನ್ನೊಂದು ಸಲವೂ ಮೇಲಿನ ಕಚೇರಿಗೆ ಕಳಿಸಿದ್ದಳು. ಯಾರೂ ಬಂದು ಕಂಬ ನೋಡಲಿಲ್ಲ. ಅದರ ಬದಲು ಒಂದು ಪ್ರಮಾಣಪತ್ರ ಬಂತು. ಮಾರ್ಚ್ ಆರರಂದು ಕಂಬ, ಕೇಬಲ್, ಆಂಟೆನಾ ಎಲ್ಲವನ್ನೂ ಅಳೆದು ನೋಡಲಾಗಿದೆ, ಎಲ್ಲವೂ ಉತ್ತಮವಾಗಿದೆ ಎಂದಿತ್ತು ಅದರಲ್ಲಿ.

ಕೋರ್ಟಿನಲ್ಲಿ ಆ ಒಂದು ಕಾಗದ ಹನ್ನೊಂದು ವಾಕ್ಯಗಳನ್ನು ನುಂಗಿ ನೀರು ಕುಡಿಯಿತು. ಪಕ್ಕದ ದ್ವೀಪದ ದೋಣಿಯವನೊಬ್ಬ ಹೇರಾದ ನಾಲ್ಕೂ ಕರೆಗಳನ್ನು ತನ್ನ ಕೈರೇಡಿಯೊದಲ್ಲಿ ಕೇಳಿದ್ದ. ಸರ್ಕಾರಿ ವಕೀಲ ಅದನ್ನೇ ಹಿಡಿದುಕೊಂಡ. ಒಂದು ಗೇಣು ಆಂಟೆನಾದವನಿಗೆ ಕೇಳಿದ್ದು ಐವತ್ನಾಲ್ಕು ಮೀಟರ್ ಕಂಬದ ಕೆಳಗೆ ಕುಳಿತವಳಿಗೆ ಕೇಳಲಿಲ್ಲವೆಂದರೆ, ಕಿವಿ ಇತ್ತು, ಎಚ್ಚರ ಇರಲಿಲ್ಲ ಎಂದ. ಸಭೆ ತಲೆದೂಗಿತು. ಮೀನು ಹಿಡಿಯುವವರು ಸತ್ತರು, ದಿನಗೂಲಿಯ ಹೆಂಗಸು ಜೈಲಿಗೆ ಹೋದಳು, ಕಾಗದಕ್ಕೆ ಒಂದು ಸುಕ್ಕೂ ಬೀಳಲಿಲ್ಲ.

ಪೆರೆಸ್ ಚೀಲದಿಂದ ಆ ಕಾಗದದ ನಕಲನ್ನು ತೆಗೆದು ಪರದೆಯ ಪಕ್ಕಕ್ಕಿಟ್ಟಳು. ಅಪೊಂಡಿಯ ವಕೀಲೆ ಕೊಟ್ಟದ್ದು. ಎರಡನೆಯ ಪುಟ ಮಾತ್ರ, ಅಳತೆಯ ಗೆರೆ ಇರುವ ಪುಟ. ಸಹಿ ಇರುವ ಮೊದಲ ಪುಟ ವಕೀಲೆಯ ಕಡತಕ್ಕೆ ಬಂದೇ ಇರಲಿಲ್ಲ.

ಒಂದು ವಾರದಿಂದ ಅವಳು ಈ ಗೆರೆಯನ್ನು ನೋಡುತ್ತಿದ್ದಳು. ಮೊದಲ ದಿನವೇ ಕಣ್ಣಿಗೆ ಚುಚ್ಚಿದ ಸಂಗತಿಯೊಂದಿತ್ತು. ನೂರರಿಂದ ಇನ್ನೂರು ಮೆಗಾಹರ್ಟ್ಸ್‌ವರೆಗೆ ಎಲ್ಲ ಕಡೆಯೂ ಗೆರೆ ಚೆನ್ನಾಗಿತ್ತು. ಆಂಟೆನಾ ಎಂಬುದು ಹಾಗಿರುವುದಿಲ್ಲ. ತನ್ನದೊಂದು ಸಣ್ಣ ಪಟ್ಟಿಯಲ್ಲಿ ಮಾತ್ರ ಅದು ಬಂದದ್ದನ್ನು ಒಪ್ಪಿಕೊಳ್ಳುತ್ತದೆ, ಉಳಿದ ಕಡೆ ಬಾಗಿಲು ಹಾಕುತ್ತದೆ. ಬಂದವರನ್ನೆಲ್ಲ ಒಂದೇ ಸಮ ಒಳಗೆ ಕರೆಯುವುದು ಪ್ರಯೋಗಾಲಯದ ಲೋಡ್ ಒಂದೇ: ಹೆಬ್ಬೆರಳುದ್ದದ ಲೋಹದ ತುಂಡು, ಒಳಗೆ ಕರಾರುವಾಕ್ಕು ಐವತ್ತು ಓಮ್. ಯಂತ್ರಕ್ಕೆ ಸರಿಯೆಂದರೆ ಏನೆಂದು ಕಲಿಸಲು ಇಟ್ಟುಕೊಂಡ ತುಂಡು ಅದು. ಅದನ್ನು ಅಳೆದು, ಕಂಬ ಅಳೆದೆವು ಎಂದು ಬರೆದಿದ್ದರು.

ಎರಡನೆಯ ಸಂಗತಿ ಇನ್ನೂ ಸಣ್ಣದು. ಆ ನುಣ್ಣನೆ ಗೆರೆಯಲ್ಲೂ ಏರಿಳಿತವಿತ್ತು. ಎರಡೇ ಎರಡು, ಅಗಲವಾದ, ಸೋಮಾರಿ ಏರಿಳಿತ; ಎರಡನೆಯದು ಪೂರ್ತಿಯೂ ಅಲ್ಲ. ತೆಳು ಕೇಬಲ್ಲಿನಲ್ಲಿ ಅಲೆ ನಿಧಾನ; ಅದನ್ನು ಹಿಡಿದು ಲೆಕ್ಕ ಹಾಕಿದರೆ ಒಂದೂ ಮುಕ್ಕಾಲು ಮೀಟರ್. ಪ್ರಯೋಗಾಲಯದ ಮೇಜಿನ ಮೇಲಿನ ನೀಲಿ ಕೇಬಲ್ಲಿನ ಉದ್ದ ಒಂದೂ ಮುಕ್ಕಾಲು ಮೀಟರ್.

ಆ ನೀಲಿ ಕೇಬಲ್ಲು ಗೆರೆಯಲ್ಲಿ ಕಾಣಿಸಿಕೊಳ್ಳಬಾರದಿತ್ತು. ಅಳೆಯುವ ಮೊದಲು ಓಪನ್, ಶಾರ್ಟ್, ಲೋಡ್ ಎಂಬ ಮೂರು ಮಾದರಿ ತುಂಡುಗಳನ್ನೂ ಕೇಬಲ್ಲಿನ ತುದಿಗೆ ಒಂದೊಂದಾಗಿ ತಿರುಪಿ, ಇಲ್ಲಿಯವರೆಗಿನದು ನೀನೇ, ಇದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಹೇಳಬೇಕು. ಪೆರೆಸ್ ಹಾಗೇ ಮಾಡುತ್ತಾಳೆ, ಅವಳ ಜೊತೆಗಿನವರೂ ಹಾಗೇ ಮಾಡುತ್ತಾರೆ. ಮೂರನ್ನೂ ಯಂತ್ರದ ಬಾಯಿಗೇ ತಿರುಪಿ, ಆಮೇಲೆ ಕೇಬಲ್ ಸಿಕ್ಕಿಸುವ ಹಳೆಯ ಅಭ್ಯಾಸದವರು ಪ್ರಯೋಗಾಲಯದಲ್ಲಿ ಒಬ್ಬರೇ. ಅವರು ಎಷ್ಟೋ ವರ್ಷದಿಂದ ಮೇಜಿನ ಹತ್ತಿರ ಬಂದಿಲ್ಲ. ಬರುವ ಅಗತ್ಯ ಅವರಿಗಿಲ್ಲ. ಅವರು ಮುಖ್ಯಸ್ಥರು.

ಆ ಮುಖ್ಯಸ್ಥರ ಹಸಿರು ಪಿಕ್‌ಅಪ್ ಈಗ ಒಣಮೀನಿನ ಬಲೆಗಳನ್ನು ಬಳಸಿಕೊಂಡು ಕಂಬದ ಹತ್ತಿರ ಬಂದು ನಿಂತಿತು.

ಎಂಜಿನಿಯರ್ ಕ್ರಿಸಾಂಟಸ್ ಒಡೇರಾ ಇಳಿದರು. ಮಿರುಗುವ ಬೂಟು ಮರಳಿನಲ್ಲಿ ಹೂತುಹೋಗುವುದನ್ನು ಬೇಸರದಿಂದ ನೋಡಿಕೊಂಡರು. ಒಮೇನಾದ ಹೆಂಗಸರನ್ನು ನಗುಮುಖದಿಂದ ಮಾತಾಡಿಸಿ, ಇವತ್ತು ಮೀನು ಹೇಗೆ ಬಿತ್ತು ಎಂದು ವಿಚಾರಿಸಿದರು. ಪಿಕ್‌ಅಪ್ಪಿನ ಹಿಂಭಾಗದಲ್ಲಿ ದಪ್ಪ ಕರೀ ಕೇಬಲ್ಲಿನ ಹೊಸ ಸುರುಳಿ ಇತ್ತು.

“ಪೆರೆಸ್, ರಜೆ ಹಾಕಿದವರು ಮನೇಲಿರ್ತಾರೆ,” ಎಂದರು. “ಇಲ್ಲಾ ಅಂದ್ರೆ ಯಂತ್ರನಾದ್ರೂ ಮನೇಲಿ ಬಿಟ್ಟು ಬರ್ತಾರೆ.”

“ಕಂಬ ಅಳೆಯೋಕೆ ಬಂದೆ, ಎಂಜಿನಿಯರ್. ಮಾರ್ಚಲ್ಲಿ ಯಾರೂ ಅಳೆದಿರಲಿಲ್ಲವಲ್ಲ.”

ಒಡೇರಾ ಲೆಸೊದ ಅಂಚನ್ನು ಎತ್ತಿ, ಬಗ್ಗಿ, ಪರದೆ ನೋಡಿದರು. ಅವರ ತುಟಿ ಅಲ್ಲಾಡುವುದು ಪೆರೆಸ್‌ಗೆ ಕಂಡಿತು. ಎಣಿಸುತ್ತಿದ್ದರು. ಏರಿಳಿತ ಎಣಿಸುವುದನ್ನು ಅವಳಿಗೆ ಕಲಿಸಿದವರು ಅವರೇ. ಹದಿನಾಲ್ಕು ವರ್ಷದ ಹಿಂದೆ, ಇದೇ ರೀತಿ ಪಕ್ಕದಲ್ಲಿ ಬಗ್ಗಿ.

“ಹದಿನೈದು,” ಎಂದರು. “ಹತ್ತೊಂಬತ್ತು ಮೀಟರ್.”

ಅವಳು ಕಾದಿದ್ದು ಅಲ್ಲಗಳೆಯುವ ಮಾತಿಗೆ. ಯಂತ್ರ ಕೆಟ್ಟಿದೆ ಎನ್ನಬಹುದು, ನಿನಗೆ ಎಣಿಸಲು ಬರುವುದಿಲ್ಲ ಎನ್ನಬಹುದು ಎಂದು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಇವರು ತಮ್ಮ ಬಾಯಲ್ಲೇ ಲೆಕ್ಕ ಹೇಳಿದ್ದರು. ಗೊತ್ತಿಲ್ಲದೆ ತಪ್ಪು ಮಾಡಿದವನಾದರೆ ಕ್ಷಮಿಸಬಹುದು. ಇವರಿಗೆ ಓದಲು ಬರುತ್ತದೆ. ಇವರಷ್ಟು ಚೆನ್ನಾಗಿ ಓದುವವರು ಈ ಸರೋವರದ ಸುತ್ತ ಯಾರೂ ಇಲ್ಲ. ಓದಬಲ್ಲವರು ಓದದೇ ಬರೆದರು. ಅದರ ಮೇಲೆ ಒಬ್ಬಳನ್ನು ಜೈಲಿಗೆ ಕಳಿಸಿದರು.

ಒಡೇರಾ ಸಾವಕಾಶವಾಗಿ ಹೇಳುತ್ತ ಹೋದರು. ಮಾರ್ಚಿನ ಆ ವಾರ ಮಳೆಗೆ ರಸ್ತೆ ಕಿತ್ತುಹೋಗಿತ್ತು. ಶುಕ್ರವಾರದೊಳಗೆ ಕಾಗದ ಬೇಕೆಂದು ಮೇಲಿನಿಂದ ಎರಡು ಸಲ ಫೋನು ಬಂತು. ಕಂಬ ಹಾಕಿ ಮೂರೇ ವರ್ಷವಾಗಿತ್ತು, ಕೆಟ್ಟಿರಲಾರದು ಎಂದುಕೊಂಡರು. ಎಲ್ಲರೂ ಒಂದಲ್ಲ ಒಂದು ದಿನ ಹೀಗೆ ಮಾಡಿದವರೇ. ಆಗಿದ್ದು ಆಗಿಹೋಯಿತು. ಹೊಸ ಕೇಬಲ್ಲು ತಂದಿದ್ದೇನೆ, ಒಗಾಲೊ ಮೇಲೇ ಇದ್ದಾನೆ, ಹಳೆಯದನ್ನು ಕತ್ತರಿಸಿ ಕೆಳಗೆ ಹಾಕಲಿ.

“ಸಂಜೆಯೊಳಗೆ ಈ ರೇಡಿಯೊಗೆ ಉಗಾಂಡಾದವರ ಕೆಮ್ಮೂ ಕೇಳಿಸುತ್ತೆ,” ಎಂದರು. “ಇವತ್ತೂ ದೋಣಿ ಹೋಗುತ್ತೆ, ಪೆರೆಸ್. ನಿನ್ನ ಹಟಕ್ಕೆ ಇನ್ನೂ ಏಳು ಜನ ಬೇಕಾ?”

ಹೆಂಗಸರ ಕಡೆ ಕೈ ತೋರಿಸಿ ಹೇಳಿದ ಮಾತು ಅದು. ಅವರಿಗೂ ಕೇಳಲಿ ಎಂದು ಹೇಳಿದ್ದು. ಅವರಲ್ಲಿಬ್ಬರು ಆಗಲೇ ಪೆರೆಸ್‌ಳ ಮುಖ ನೋಡುತ್ತಿದ್ದರು. ಅವರ ಗಂಡಂದಿರು ಸಂಜೆ ನೀರಿಗಿಳಿಯುವವರು.

ಪೆರೆಸ್ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದಳು.

“ಹಾಕಿ ಎಂಜಿನಿಯರ್. ಈಗಲೇ ಹಾಕಿ. ಕಂಬಕ್ಕೆ ಎರಡು ಕೇಬಲ್ ಹೊರೋ ಶಕ್ತಿ ಇದೆ. ಹೊಸದು ಪಕ್ಕದ ಕಾಲಲ್ಲಿ ಏರಲಿ. ಹಳೇದು ಇದ್ದಂಗೇ ಇರಲಿ, ಮ್ಯಾಜಿಸ್ಟ್ರೇಟ್ ಬಂದು ನೋಡೋವರೆಗೂ.”

ಒಡೇರಾ ಸುರುಳಿ ಇಳಿಸಲು ಹೋಗಲಿಲ್ಲ.

ಅದನ್ನು ಒಮೇನಾದ ಹೆಂಗಸರೂ ಗಮನಿಸಿದರು. ಅತ್ತೆಯ ಮಾತಾಡಿದ್ದವಳು ಎದ್ದು ನಿಂತು, ಎರಡು ಹಾಕಬಹುದಂತಲ್ಲ, ಎರಡು ಯಾಕೆ ಹಾಕಬಾರದು ಎಂದು ನೇರವಾಗಿ ಅವರನ್ನೇ ಕೇಳಿದಳು. ಒಡೇರಾ ಅವಳ ಕಡೆ ತಿರುಗಲಿಲ್ಲ. ಪೆರೆಸ್‌ಳ ತೋಳು ಹಿಡಿದು ಪಿಕ್‌ಅಪ್ಪಿನ ಆಚೆ ಬದಿಗೆ ಕರೆದೊಯ್ದರು.

ಅಲ್ಲಿ ಪೆರೆಸ್ ತನ್ನಲ್ಲಿದ್ದುದನ್ನೆಲ್ಲ ಹೇಳಿದಳು. ಎಲ್ಲ ಕಡೆಯೂ ಚೆನ್ನಾಗಿರುವ ಗೆರೆ, ಎರಡೇ ಏರಿಳಿತ, ನೀಲಿ ಕೇಬಲ್ಲು. ಯಂತ್ರದ ಬಾಯಲ್ಲಿ ಲೋಡ್ ತಿರುಪುವವರು ನೀವೊಬ್ಬರೇ ಎಂದೂ ಹೇಳಿದಳು. ಹೇಳುವಾಗ ದನಿ ಏರಿತು. ಅಪೊಂಡಿ ಹನ್ನೊಂದು ಸಲ ಕರೆದಳು, ಅವಳ ತಮ್ಮನ ದೋಣಿ ನಾಲ್ಕು ಸಲ ಕರೆಯಿತು, ಹದಿನೈದು ಸಲ ಕರೆದರೂ ಕೇಳದ ಕಿವುಡರು ಯಾರು, ಜೈಲಿನಲ್ಲಿರುವವರು ಯಾರು ಎಂದು ಕೇಳಿದಳು.

ಒಡೇರಾ ಪೂರ್ತಿ ಕೇಳಿದರು.

“ಚೆನ್ನಾಗಿ ಕಲ್ತಿದೀಯ,” ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. “ನನ್ನ ಕೈ ಕೆಳಗೆ ಇಪ್ಪತ್ತು ಜನ ಬಂದು ಹೋದ್ರು. ಇಷ್ಟು ಓದಿದವರು ಯಾರೂ ಇಲ್ಲ.”

“ಮೇಲಿಂದ ಮೂವತ್ತೈದು ಮೀಟರ್ ದಪ್ಪ ಕೇಬಲ್ ಕಾಣೆಯಾಗಿದೆ. ಅದೆಲ್ಲಿ?”

ಈ ಪ್ರಶ್ನೆಗೆ ಅವರು ಮೊದಲ ಬಾರಿ ಕಣ್ಣು ತಪ್ಪಿಸಿದರು. ಸರೋವರದ ಕಡೆ, ಅಂತರಗಂಗೆ ಕಳೆಯಾಚೆ ಬೆಳ್ಳಗೆ ಕಾಣುವ ದಡದ ಕಡೆ ನೋಡಿದರು.

“ಅದನ್ನ ಕೇಳಬೇಡ,” ಎಂದರು. “ಅದು ಯಾವ ದೊಡ್ಡವರ ಕಂಬ ಹತ್ತಿದೆ ಅಂತ ನನಗೆ ಮೊನ್ನೆ ಗೊತ್ತಾಯ್ತು. ಗೊತ್ತಾದಾಗಿಂದ ನನಗೂ ನಿದ್ದೆ ಇಲ್ಲ.”

ಹೆದರಿದ್ದರು. ಅವರ ಕೊರಳ ಪಟ್ಟಿ ಬೆವರಿಗೆ ತೋಯ್ದಿತ್ತು. ಆದರೆ ಹೆದರಿಕೆ ಅವರನ್ನು ಒಳ್ಳೆಯವರನ್ನಾಗಿ ಮಾಡಲಿಲ್ಲ. ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಅವಳ ಕೈಗಿಟ್ಟರು.

ಪ್ರಮಾಣಪತ್ರದ ಮೊದಲ ಪುಟ. ವಕೀಲೆಯ ಕಡತದಲ್ಲಿ ಇಲ್ಲದಿದ್ದದ್ದು.

ಕೊಗುಟಾ ದಡ, ಐವತ್ನಾಲ್ಕು ಮೀಟರ್ ಕಂಬ, ಮಾರ್ಚ್ ಆರು. ಸ್ಥಳಕ್ಕೆ ಹೋಗಿ ಅಳೆದವರು: ಪೆರೆಸ್ ಅಮೋಲೊ. ಕೆಳಗೆ ಸಹಿ. ಬಾಲ ಸ್ವಲ್ಪ ಉದ್ದವಾಗಿ ಎಳೆದ ಆ ಸಹಿಯನ್ನು ಯಾರೂ ನಕಲು ಮಾಡಿರಲಿಲ್ಲ. ಅದು ಅವಳದೇ.

ಮಾರ್ಚ್ ನಾಲ್ಕರಂದು ಅವಳ ತಾಯಿ ತೀರಿಕೊಂಡಿದ್ದಳು. ಮಣ್ಣು ಮಾಡಲು ಊರಿಗೆ ಹೊರಟಾಗ ಅವಳು ಆರು ಖಾಲಿ ಹಾಳೆಗಳಿಗೆ ಸಹಿ ಹಾಕಿ ಮೇಜಿನ ಮೇಲಿಟ್ಟು ಹೋಗಿದ್ದಳು. ಪ್ರಯೋಗಾಲಯದಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಗೇ. ಮಣ್ಣಿನ ಕೆಲಸ ಎರಡು ವಾರ ಹಿಡಿಯುತ್ತದೆ, ಅಳತೆಯ ಕೆಲಸ ಕಾಯುವುದಿಲ್ಲ, ಉಳಿದವರು ಅಳೆದು ತುಂಬುತ್ತಾರೆ. ಇಬ್ಬರು ಜೊತೆಗಾರರಿಗೆ ಅವಳೂ ಹಾಗೆ ತುಂಬಿ ಕೊಟ್ಟಿದ್ದಳು. ಅದು ನಂಬಿಕೆಯ ಕೆಲಸ ಎಂದೇ ಅಂದುಕೊಂಡಿದ್ದಳು. ಕಣ್ಣೀರು ಸುರಿಸುತ್ತ ಹಾಕಿದ ಆ ಆರು ಸಹಿಗಳಲ್ಲಿ ಒಂದು ಏಳು ಹೆಣಗಳ ಮೇಲೆ ಬಂದು ಕೂತಿತ್ತು.

ಅವಳು ಹಾಳೆಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು.

“ನಾನು ಯಂತ್ರದ ಬಾಯಲ್ಲಿ ಲೋಡ್ ತಿರುಪ್ತೀನಿ ಅಂತ ಮ್ಯಾಜಿಸ್ಟ್ರೇಟ್ ಮುಂದೆ ಹೇಳು,” ಎಂದರು ಒಡೇರಾ. “ಎರಡು ಏರಿಳಿತ ತೋರಿಸು. ಪಾಪ, ತಲೆ ಅಲ್ಲಾಡಿಸ್ತಾರೆ. ಆಮೇಲೆ ಈ ಪುಟ ತಿರುವ್ತಾರೆ. ಗೆರೆ ಓದೋಕೆ ಈ ಜಿಲ್ಲೇಲಿ ಇಬ್ಬರಿಗೆ ಬರುತ್ತೆ, ನಿನಗೆ ಮತ್ತೆ ನನಗೆ. ಸಹಿ ಓದೋಕೆ ಎಲ್ಲರಿಗೂ ಬರುತ್ತೆ.”

ಆಮೇಲೆ ಏನು ಮಾಡಬೇಕೆಂದು ಹೇಳಿದರು. ಹೇಳುವಾಗ ದನಿ ತಂದೆಯದರಂತೆ ಮೃದುವಾಗಿತ್ತು. ಒಗಾಲೊ ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾನೆ. ಜಂಟಿ ಕತ್ತರಿಸಿ ಕೆಳಗೆ ಹಾಕಲು ಅವನಿಗೆ ಹೇಳು. ಯಂತ್ರದಲ್ಲಿರುವ ಗೆರೆ ಅಳಿಸು. ಹೊಸ ಕೇಬಲ್ಲು ಏರಲಿ. ನಾಲ್ಕು ಗಂಟೆಗೆ ಹೊಸದನ್ನು ನೀನೇ ಅಳೆದು ನಿಜವಾದ ಕಾಗದ ಬರೆ. ಅಪೊಂಡಿಗೆ ಹೆಚ್ಚೆಂದರೆ ಎರಡು ವರ್ಷವಾದೀತು, ಒಳ್ಳೆಯ ನಡತೆಗೆ ಒಂದೂವರೆಗೆ ಬಿಡುತ್ತಾರೆ. ನಿನಗೆ ಏನೂ ಆಗುವುದಿಲ್ಲ. ಯಂತ್ರ ಯಾಕೆ ತಂದೆ ಎಂದೂ ಯಾರೂ ಕೇಳುವುದಿಲ್ಲ.

“ಒಂದೂವರೆ ವರ್ಷ,” ಎಂದಳು ಪೆರೆಸ್. “ತಮ್ಮನ್ನ ಕೊಂದವಳು ಅಂತ ಹೆಸರು ಹೊತ್ಕೊಂಡು.”

“ಹೆಸರು ಯಾರಿಗೆ ಬೇಕು? ದಿನಗೂಲಿಯವಳು.”

ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ಭಯಂಕರವಾಗಿತ್ತು. ಹವಾಮಾನ ಹೇಳುವ ಹಾಗೆ ಹೇಳಿದರು.

ಕಂಬದ ಬುಡದಲ್ಲಿ ಹ್ಯಾಂಡ್‌ಸೆಟ್ ಕರಕರ ಎಂದಿತು. ಮೇಲಿನಿಂದ ಒಗಾಲೊ, ರಸ್ತೆಯ ಕಡೆ ಧೂಳೆದ್ದಿದೆ, ಪೊಲೀಸರ ಗಾಡಿಯ ಹಾಗಿದೆ, ನಾನೇನು ಕೋತಿಯಂತೆ ಇಲ್ಲೇ ಜೋತಾಡುತ್ತಿರಬೇಕೋ ಇಳಿಯಬೇಕೋ ಎಂದು ಕೇಳಿದ.

ಒಡೇರಾ ಗಡಿಯಾರ ನೋಡಿಕೊಂಡರು. ಮೇಜಿನ ಮೇಲೆ ಯಂತ್ರವಿಲ್ಲದ್ದು ಕಂಡು, ಪ್ರಯೋಗಾಲಯದಿಂದ ಹೊರಡುವಾಗಲೇ ಪೊಲೀಸರಿಗೆ ಫೋನು ಮಾಡಿದ್ದಾಗಿ ಹೇಳಿದರು. ಕಂಬದ ಹತ್ತಿರ ನಮ್ಮವಳೊಬ್ಬಳು ಇದ್ದಾಳೆ ಎಂದಷ್ಟೇ ಹೇಳಿದ್ದೇನೆ, ಯಾಕೆ ಇದ್ದಾಳೆ ಎಂದು ಹೇಳಿಲ್ಲ. ಅವರು ಬಂದು ಇಳಿಯುವಾಗ ಅವಳು ಕಂಬ ರಿಪೇರಿಗೆ ಬಂದವಳೂ ಆಗಿರಬಹುದು, ಯಂತ್ರ ಕದ್ದು ತಂದು ತನ್ನದೇ ಕಳ್ಳ ಕಾಗದವನ್ನು ಮುಚ್ಚಿಹಾಕಲು ಬಂದವಳೂ ಆಗಿರಬಹುದು. ಅದು ಈಗಿನ ಹತ್ತು ನಿಮಿಷದ ಮೇಲೆ ನಿಂತಿದೆ.

“ಹೇಳು ಅವನಿಗೆ,” ಎಂದರು. ಅವಳೊಡನೆ ಕಂಬದ ಬುಡಕ್ಕೆ ಬಂದು, ಮರಳಿನ ಮೇಲಿದ್ದ ಹ್ಯಾಂಡ್‌ಸೆಟ್ ಎತ್ತಿ, ಅದಕ್ಕಂಟಿದ್ದ ಮರಳನ್ನು ಊದಿ, ಅವಳ ಅಂಗೈಯಲ್ಲಿಟ್ಟರು. “ಒಂದೇ ಮಾತು. ಕತ್ತರಿಸಿ ಅಂತ.”

ಧೂಳು ಹತ್ತಿರವಾಗುತ್ತಿತ್ತು. ಒಮೇನಾದ ಹೆಂಗಸರು ಈಗ ಸುಮ್ಮನೆ ನಿಂತಿರಲಿಲ್ಲ. ಒಬ್ಬೊಬ್ಬರಾಗಿ ಬಂದು ಕಂಬದ ಸುತ್ತ ನಿಲ್ಲುತ್ತಿದ್ದರು, ಏನಾಗುತ್ತಿದೆ ಎಂದು ಪೂರ್ತಿ ಗೊತ್ತಿಲ್ಲದಿದ್ದರೂ.

ಪೆರೆಸ್ ಕಂಬದ ಹತ್ತೊಂಬತ್ತನೇ ಮೀಟರಿಗೆ ತಲೆಯೆತ್ತಿದಳು. ಮುದುಕ ಕಬ್ಬಿಣಕ್ಕೆ ಕಾಲು ಕೊಟ್ಟು, ಒಂದು ಕೈಯಲ್ಲಿ ಚಾಕು ಹಿಡಿದು, ಕೆಳಗೆ ಬಗ್ಗಿ ಅವಳನ್ನೇ ನೋಡುತ್ತಿದ್ದ. ಗುಂಡಿ ಒತ್ತಿದಳು.

“ಜಾದುಓಂಗ್, ಹಿರಿಯರೇ, ನಾನು ಪೆರೆಸ್. ಚಾಕು ಮಡಚಿ ಜೇಬಿಗೆ ಹಾಕ್ಕೊಳ್ಳಿ. ಆ ಜಂಟಿ ಮುಟ್ಟಬೇಡಿ, ಯಾರಿಗೂ ಮುಟ್ಟಕ್ಕೆ ಬಿಡಬೇಡಿ, ಇಳಿಯಲೂ ಬೇಡಿ. ಆ ಸುಳ್ಳು ಕಾಗದದ ಮೇಲಿರೋ ಸಹಿ ನಂದು. ಅದನ್ನ ಎರಡು ಗಂಟೆಗೆ ಕೋರ್ಟಲ್ಲಿ ನಾನೇ ಹೇಳ್ತೀನಿ, ಹೋಗಕ್ಕೆ ಬಿಟ್ರೆ. ಬಿಡದಿದ್ರೆ ಇಲ್ಲಿರೋರಿಗೆಲ್ಲ ಕೇಳಿಸಿದೆ.” ಗುಂಡಿ ಬಿಡಲಿಲ್ಲ. ಒಡೇರಾ ಕಡೆ ನೋಡುತ್ತಲೇ ಮುಂದುವರಿಸಿದಳು. “ಇನ್ನು ಸ್ವಲ್ಪ ಹೊತ್ತಿಗೆ ನಾನೇ ಕತ್ತರಿಸಿ ಅಂತ ಕೂಗಿದ್ರೂ ಕೂಗಬಹುದು, ಪೊಲೀಸರು ಹೊಡೆದ್ರೆ. ಆಗಲೂ ಕತ್ತರಿಸಬೇಡಿ.”